ಆಧುನಿಕ ನಗರಚಿತ್ರಗಳ ಮುದ್ರಿತ ಪ್ರತಿಗಳನ್ನು ಕಟ್ಟು ಹಾಕಿಸಿ ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ: ಬಿಳಿಗೋಡೆ

ಎಲ್ಲರಿಗೂ ನಮಸ್ಕಾರ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಗರವನ್ನೇ ವಸ್ತುವಾಗಿಟ್ಟುಕೊಂಡು ಆಧುನಿಕ ಕಲಾವಿದರು ಬರೆದ ಚಿತ್ರಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಈಗ ಮನೆಯ ನಡುಕೋಣೆಯ ಉದ್ದನೆಯ ಗೋಡೆಗೆ ಒಂದು ದೊಡ್ಡ ಚಿತ್ರವನ್ನೂ ಓದುವ ಕೋಣೆಗೆ ಒಂದು ಚಿಕ್ಕ ಚಿತ್ರವನ್ನೂ ಕಟ್ಟು ಹಾಕಿಸಿದ ಪ್ರತಿಯಾಗಿ ಕೊಳ್ಳಬೇಕೆಂದುಕೊಂಡಿದ್ದೇನೆ. ಮನಸ್ಸಿನಲ್ಲಿರುವವು ಮೂರು: ಎಡ್ವರ್ಡ್ ಹಾಪರ್ ಅವರ ‘ನೈಟ್‌ಹಾಕ್ಸ್’ (1942), ಪೀಟ್ ಮೋಂಡ್ರಿಯನ್ ಅವರ ‘ಬ್ರಾಡ್‌ವೇ ಬೂಗಿ ವೂಗಿ’ (1942–43) ಮತ್ತು ಉಂಬೆರ್ಟೊ ಬೊಚ್ಚೋನಿ ಅವರ ‘ದಿ ಸಿಟಿ ರೈಸಸ್’ (1910).

ಹುಡುಕಲು ತೊಡಗಿದ ಮೇಲೆ ಗೊಂದಲ ಹೆಚ್ಚಾಗಿದೆ. ಒಂದೇ ಚಿತ್ರ ಒಬ್ಬ ಮಾರಾಟಗಾರರಲ್ಲಿ ಹಸಿರಾಗಿ, ಇನ್ನೊಬ್ಬರಲ್ಲಿ ನೀಲಿಯಾಗಿ, ಮತ್ತೊಬ್ಬರಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಕೆಲವರು ಕಾಗದದ ಮೇಲೆ ಅಚ್ಚು ಮಾಡಿ ಗಾಜು ಹಾಕಿ ಕೊಡುತ್ತಾರೆ, ಕೆಲವರು ಕ್ಯಾನ್ವಾಸಿನ ಮೇಲೆ ಅಚ್ಚು ಮಾಡಿ ಅದರ ಮೇಲೆ ಕುಂಚದ ಗುರುತು ಮೂಡುವ ಹಾಗೆ ಪಾರದರ್ಶಕ ಲೇಪವನ್ನೂ ಬಳಿದು ಕೊಡುತ್ತಾರೆ. ‘ಮ್ಯೂಸಿಯಂ ಗುಣಮಟ್ಟ’, ‘ಸೀಮಿತ ಆವೃತ್ತಿ’, ‘ಪ್ರಮಾಣಪತ್ರ ಸಹಿತ’ ಎಂಬ ಮಾತುಗಳು ಎಲ್ಲೆಡೆ ಕಾಣುತ್ತವೆ, ಬೆಲೆಗಳಲ್ಲಿ ಮಾತ್ರ ಅಜಗಜಾಂತರ. ಕೊಂಡ ಪ್ರತಿ ದಿನವೂ ಕಣ್ಣಿಗೆ ಬೀಳುವಂಥದ್ದಾದ್ದರಿಂದ ಅದು ಮೂಲಚಿತ್ರಕ್ಕೆ ಆದಷ್ಟು ನಿಷ್ಠವಾಗಿರಬೇಕೆಂಬುದು ನನ್ನ ಆಸೆ. ಕಟ್ಟು ಸಮೇತ ಕೊಳ್ಳುವುದು ಒಳ್ಳೆಯದೋ, ಅಚ್ಚನ್ನು ಬೇರೆಯಾಗಿ ಕೊಂಡು ಕಟ್ಟು ಹಾಕಿಸುವುದು ಒಳ್ಳೆಯದೋ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬಣ್ಣದಚ್ಚು

ನಮಸ್ಕಾರ. ನೀವು ಬಣ್ಣದಿಂದ ಆರಂಭಿಸಿದ್ದೀರಿ, ಆದರೆ ನಾನು ಅಳತೆಯಿಂದ ಆರಂಭಿಸುತ್ತೇನೆ. ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿತ್ರ ಚಿತ್ರವಾಗಿಯೇ ಉಳಿಯುತ್ತದೆ. ಅಂಚು ಕತ್ತರಿಸಿಹೋದರೆ ಚಿತ್ರಕಾರ ಮಾಡಿದ ಸಂಯೋಜನೆಯೇ ಕೈಬಿಟ್ಟುಹೋಗುತ್ತದೆ.

‘ನೈಟ್‌ಹಾಕ್ಸ್’ ಮೂಲದ ಅಳತೆ 84.1 × 152.4 ಸೆಂ.ಮೀ. ಅಂದರೆ ಅದರ ಅಗಲ ಎತ್ತರದ 1.8 ಪಟ್ಟಿಗಿಂತ ತುಸು ಹೆಚ್ಚು. ಸಿದ್ಧ ಚೌಕಟ್ಟುಗಳು ಸಾಮಾನ್ಯವಾಗಿ 2:3, 3:4, 4:5 ಪ್ರಮಾಣದಲ್ಲಿ ದೊರೆಯುತ್ತವೆ. ಈ ಚಿತ್ರವನ್ನು 2:3 ಚೌಕಟ್ಟಿಗೆ ಹೊಂದಿಸಬೇಕೆಂದರೆ ಅಗಲದಲ್ಲಿ ನೂರಕ್ಕೆ ಸುಮಾರು 17 ಪಾಲನ್ನು ಕತ್ತರಿಸಬೇಕಾಗುತ್ತದೆ. ಬಹುಮಟ್ಟಿಗೆ ಕತ್ತರಿ ಬೀಳುವುದು ಎಡಬದಿಗೆ, ಏಕೆಂದರೆ ಅಲ್ಲಿ ‘ಏನೂ ಇಲ್ಲ’: ಖಾಲಿ ಕಾಲುದಾರಿ, ಕತ್ತಲೆ ತುಂಬಿದ ಅಂಗಡಿ ಕಿಟಕಿಗಳು, ಅಷ್ಟೇ. ಆದರೆ ಬಲಗಡೆಯ ಉಪಾಹಾರಗೃಹದ ಬೆಳಕಿನಲ್ಲಿ ಕುಳಿತಿರುವ ಮೂವರು ಗಿರಾಕಿಗಳೂ ಬಿಳಿ ಉಡುಪಿನ ಪರಿಚಾರಕನೂ ಒಂಟಿಯಾಗಿ ಕಾಣುವುದು ಆ ಖಾಲಿ ಜಾಗದ ಬಲದಿಂದಲೇ. ಅದನ್ನು ತೆಗೆದರೆ ರಾತ್ರಿ ಹೊತ್ತು ಕಾಫಿ ಕುಡಿಯುತ್ತಿರುವವರ ಚಿತ್ರ ಉಳಿಯುತ್ತದೆ, ಹಾಪರ್ ಅವರ ಚಿತ್ರ ಉಳಿಯುವುದಿಲ್ಲ. ಆದ್ದರಿಂದ ಮಾರಾಟಗಾರರು ಕೊಟ್ಟಿರುವ ಉದ್ದಗಲವನ್ನು ಭಾಗಿಸಿ ನೋಡಿ, ಮೂಲದ ಪ್ರಮಾಣಕ್ಕೆ ಹೊಂದದಿದ್ದರೆ ಅಂಚು ಹೋಗಿದೆ ಅಥವಾ ಚಿತ್ರವನ್ನು ಎಳೆದು ಹಿಗ್ಗಿಸಲಾಗಿದೆ ಎಂದು ತಿಳಿಯಿರಿ. ಮೋಂಡ್ರಿಯನ್ ಅವರ ಚಿತ್ರವಂತೂ 127 × 127 ಸೆಂ.ಮೀ.ನ ಪೂರ್ಣ ಚೌಕ. ಅದನ್ನು ಆಯತಾಕಾರದಲ್ಲಿ ಮಾರುತ್ತಿರುವವರ ಬಳಿ ಬೇರೇನನ್ನೂ ಕೇಳಬೇಕಾಗಿಲ್ಲ.

ಎರಡನೆಯದು, ಕುಗ್ಗಿಸುವಿಕೆ. ‘ದಿ ಸಿಟಿ ರೈಸಸ್’ ಸುಮಾರು 2 ಮೀಟರ್ ಎತ್ತರ, 3 ಮೀಟರ್ ಅಗಲದ ಚಿತ್ರ. ಅದನ್ನು 90 ಸೆಂ.ಮೀ. ಅಗಲಕ್ಕೆ ಇಳಿಸಿದರೆ ವಿಸ್ತೀರ್ಣದಲ್ಲಿ ನಿಮಗೆ ಸಿಗುವುದು ನೂರಕ್ಕೆ ಒಂಬತ್ತು ಪಾಲು ಮಾತ್ರ. ಮುಂಭಾಗದಲ್ಲಿ ನುಗ್ಗಿಬರುವ ಕೆಂಪು ಕುದುರೆ, ಅದನ್ನು ಹಿಡಿದು ನಿಲ್ಲಿಸಲು ಹೆಣಗುವ ಕೆಲಸಗಾರರು, ಹಿಂದೆ ಏಳುತ್ತಿರುವ ಕಟ್ಟಡಗಳು, ಇವೆಲ್ಲವನ್ನೂ ಬೊಚ್ಚೋನಿ ಎಳೆ ಎಳೆಯಾದ ಕುಂಚದ ಗೆರೆಗಳಿಂದ ಕಟ್ಟಿದ್ದಾರೆ. ಆ ಎಳೆಗಳು ಹತ್ತರಲ್ಲಿ ಮೂರು ಪಾಲು ಉದ್ದಕ್ಕೆ ಇಳಿದಾಗ ಒಂದರೊಳಗೊಂದು ಬೆರೆತು ಕೆಂಪು ಮಂಜಿನಂತೆ ತೋರುತ್ತವೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮೂರು ಆಯ್ಕೆಗಳಲ್ಲಿ ಇದನ್ನು ಬಿಡುವುದೇ ಲೇಸು. ಫರ್ನಾನ್ ಲೆಜೆ ಅವರ ‘ದಿ ಸಿಟಿ’ (1919) ಕೂಡ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಆದರೆ ಅದರ ಬಣ್ಣದ ಫಲಕಗಳು ಸಪಾಟಾಗಿರುವುದರಿಂದ ಕುಗ್ಗಿಸಿದರೂ ತಾಳಿಕೊಳ್ಳುತ್ತದೆ. ‘ನೈಟ್‌ಹಾಕ್ಸ್’ ಅನ್ನು 90 ಸೆಂ.ಮೀ. ಅಗಲಕ್ಕೆ ಅಚ್ಚು ಮಾಡಿಸಿದರೆ ಎತ್ತರ ಸುಮಾರು 50 ಸೆಂ.ಮೀ. ಬರುತ್ತದೆ, ಉದ್ದನೆಯ ಗೋಡೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಇನ್ನು ಅಚ್ಚಿಗೆ ಬಳಸಿದ ಡಿಜಿಟಲ್ ಕಡತ. ಹತ್ತಿರ ನಿಂತು ನೋಡುವ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಇದ್ದರೆ ಉತ್ತಮ, ದೊಡ್ಡದಾಗಿ ಅಚ್ಚು ಮಾಡಿ ತುಸು ದೂರದಿಂದ ನೋಡುವುದಾದರೆ 150 ಸಾಕು. ಹಾಗೆಂದರೆ 90 ಸೆಂ.ಮೀ. ಅಗಲಕ್ಕೆ ಕನಿಷ್ಠ 5,300 ಪಿಕ್ಸೆಲ್, ಉತ್ತಮವಾಗಿ ಬೇಕೆಂದರೆ 10,600ಕ್ಕೂ ಹೆಚ್ಚು. ಅಂತರ್ಜಾಲದಲ್ಲಿ ಸಿಗುವ 1,200 ಪಿಕ್ಸೆಲ್‌ನ ಚಿತ್ರವನ್ನು ಅಷ್ಟು ದೊಡ್ಡದು ಮಾಡಿದರೆ ಇಂಚಿಗೆ ಉಳಿಯುವುದು 34 ಪಿಕ್ಸೆಲ್. ಕಡತ ಎಲ್ಲಿಂದ ಬಂತು, ಎಷ್ಟು ಪಿಕ್ಸೆಲ್ ಇದೆ ಎಂದು ನೇರವಾಗಿ ಕೇಳಿ. ಸರಿಯಾದ ಮುದ್ರಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಕಣ್ಣಿನಿಂದಲೇ ಪರೀಕ್ಷಿಸಬೇಕೆಂದರೆ ಚಿತ್ರದ ಯಾವುದಾದರೂ ಸಣ್ಣ ವಿವರವನ್ನು ಗುರುತಿಟ್ಟುಕೊಳ್ಳಿ. ಜಾರ್ಜಿಯಾ ಓಕೀಫ್ ಅವರ ‘ರೇಡಿಯೇಟರ್ ಬಿಲ್ಡಿಂಗ್: ನೈಟ್, ನ್ಯೂಯಾರ್ಕ್’ (1927) ಚಿತ್ರದ ಎಡಗಡೆ ಕೆಂಪು ದೀಪದ ಫಲಕವೊಂದರಲ್ಲಿ ಅವರ ಪತಿ, ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಅವರ ಹೆಸರಿದೆ. ಆ ಅಕ್ಷರಗಳು ಓದಲು ಬಂದರೆ ಕಡತ ಒಳ್ಳೆಯದು, ಕೆಂಪು ಪಟ್ಟಿಯಂತೆ ಕಲಸಿಹೋಗಿದ್ದರೆ ಬೇಡ. ‘ನೈಟ್‌ಹಾಕ್ಸ್’ನಲ್ಲಾದರೆ ಬೀದಿಯಾಚೆಯ ಅಂಗಡಿಯ ಕತ್ತಲೆ ಕಿಟಕಿಯೊಳಗೆ ಗಲ್ಲಾ ಯಂತ್ರವೊಂದು (ಕ್ಯಾಶ್ ರಿಜಿಸ್ಟರ್) ಕಾಣಬೇಕು, ಕಪ್ಪು ಭಾಗಗಳ ವಿವರ ಉಳಿಯದ ಅಚ್ಚಿನಲ್ಲಿ ಅದು ಮಾಯವಾಗಿರುತ್ತದೆ.

ಬಣ್ಣದ ವ್ಯತ್ಯಾಸಕ್ಕೆ ಕಾರಣಗಳು ಹಲವು: ಛಾಯಾಚಿತ್ರ ತೆಗೆದಾಗಿನ ಬೆಳಕು, ಪುಸ್ತಕದ ಪುಟದಿಂದ ಸ್ಕ್ಯಾನ್ ಮಾಡಿರುವುದು, ಗಿರಾಕಿಯ ಕಣ್ಣು ಸೆಳೆಯಲೆಂದು ಬಣ್ಣವನ್ನು ಏರಿಸಿರುವುದು. ಮೂಲವನ್ನು ಇಟ್ಟುಕೊಂಡಿರುವ ಸಂಗ್ರಹಾಲಯವೇ ಪ್ರಕಟಿಸಿರುವ ಚಿತ್ರದೊಂದಿಗೆ ಹೋಲಿಸುವುದು ನಂಬಿಕೆಯ ದಾರಿ. ‘ನೈಟ್‌ಹಾಕ್ಸ್’ ಇರುವುದು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋದಲ್ಲಿ. ಮೋಂಡ್ರಿಯನ್ ಮತ್ತು ಬೊಚ್ಚೋನಿ ಚಿತ್ರಗಳೆರಡೂ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿವೆ. ಹಾಪರ್ ಚಿತ್ರಿಸಿದ್ದು ಆಗತಾನೆ ಬಳಕೆಗೆ ಬರುತ್ತಿದ್ದ ಟ್ಯೂಬ್‌ಲೈಟಿನ ಬೆಳಕನ್ನು. ಒಳಗೋಡೆ ತೆಳು ಹಳದಿ, ಬೀದಿಗೆ ಚೆಲ್ಲಿದ ಬೆಳಕು ಹಸಿರು. ಆ ಹಸಿರು ನೀಲಿಗೆ ತಿರುಗಿದ್ದರೆ, ಗೋಡೆ ಕಿತ್ತಳೆಯಾಗಿದ್ದರೆ, ದೀಪದ ಸ್ವಭಾವವೇ ಬದಲಾಗಿದೆ ಎಂದರ್ಥ. ಸಾಧ್ಯವಾದರೆ ಅಂಗೈಯಗಲದ ಒಂದು ಪ್ರೂಫ್ (ಪರೀಕ್ಷೆಯ ಅಚ್ಚು) ತೆಗೆಸಿಕೊಂಡು, ಚಿತ್ರ ತೂಗುಹಾಕುವ ಕೋಣೆಯಲ್ಲೇ ಹಗಲಿನಲ್ಲೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ ನೋಡಿ.

ಕ್ಯಾನ್ವಾಸ್ ಬೇಕೋ ಕಾಗದ ಬೇಕೋ ಎಂದರೆ ನನ್ನ ಮತ ಕಾಗದಕ್ಕೆ. ಮೂಲಚಿತ್ರ ತೈಲವರ್ಣದ್ದಾದ್ದರಿಂದ ಕ್ಯಾನ್ವಾಸ್ ಅಚ್ಚು ಹೆಚ್ಚು ಸಹಜವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಚಿತ್ರವನ್ನು ಕುಗ್ಗಿಸಿದಾಗ ಬಟ್ಟೆಯ ನೇಯ್ಗೆ ಕುಗ್ಗುವುದಿಲ್ಲ. ಚಿಕ್ಕದಾದ ಮುಖಗಳ ಮೇಲೆ ದಪ್ಪ ನೂಲಿನ ಗಂಟುಗಳು ಹಾದುಹೋಗುತ್ತವೆ. ಮೇಲೆ ಬಳಿಯುವ ಪಾರದರ್ಶಕ ಲೇಪದ ಕುಂಚದ ಗುರುತುಗಳೂ ಕಲಾವಿದರ ಕೈ ಹೋದ ದಿಕ್ಕನ್ನು ಅನುಸರಿಸುವುದಿಲ್ಲ, ಬೆಳಕು ಓರೆಯಾಗಿ ಬಿದ್ದಾಗ ಅವು ಚಿತ್ರದ ಮೇಲೆ ಇನ್ನೊಂದು ಚಿತ್ರವಾಗಿ ಎದ್ದು ಕಾಣುತ್ತವೆ. ಹತ್ತಿಯ ನಾರಿನಿಂದ ಮಾಡಿದ, ಆಮ್ಲರಹಿತವಾದ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಪಿಗ್‌ಮೆಂಟ್ ಶಾಯಿಯಿಂದ (ಕರಗದ ಬಣ್ಣದ ಕಣಗಳಿರುವ ಶಾಯಿ) ಅಚ್ಚಾದ ಪ್ರತಿ ತಾನು ಮುದ್ರಿತ ಪ್ರತಿ ಎಂಬುದನ್ನು ಮುಚ್ಚಿಡುವುದಿಲ್ಲ, ಬಾಳಿಕೆಯೂ ಹೆಚ್ಚು. ಡೈ ಶಾಯಿ (ಬಣ್ಣ ದ್ರವದಲ್ಲಿ ಕರಗಿರುವಂಥದ್ದು) ಬೆಳಕಿಗೆ ಬೇಗ ಮಾಸುತ್ತದೆ, ಆದ್ದರಿಂದ ಶಾಯಿ ಯಾವುದೆಂದು ಕೇಳಲು ಮರೆಯಬೇಡಿ. ಭೂತಗನ್ನಡಿ ಇಟ್ಟು ನೋಡಿದಾಗ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಸಣ್ಣ ಸಣ್ಣ ವೃತ್ತಗಳಾಗಿ ಕ್ರಮವಾಗಿ ಜೋಡಣೆಗೊಂಡಿದ್ದರೆ ಅದು ಆಫ್‌ಸೆಟ್ ಅಚ್ಚು, ಅಂದರೆ ಪುಸ್ತಕ, ಪೋಸ್ಟರುಗಳನ್ನು ರಾಶಿಯಾಗಿ ಅಚ್ಚು ಹಾಕುವ ವಿಧಾನ. ಯಾವ ಕ್ರಮವೂ ಇಲ್ಲದೆ ಅತಿ ಸಣ್ಣದಾಗಿ ಚದುರಿದ್ದರೆ ಇಂಕ್‌ಜೆಟ್, ಅಂದರೆ ಶಾಯಿಯ ಸಣ್ಣ ಹನಿಗಳನ್ನು ಸಿಂಪಡಿಸಿ ಮಾಡಿದ ಅಚ್ಚು. ಒಳ್ಳೆಯ ಆಫ್‌ಸೆಟ್ ಪೋಸ್ಟರನ್ನು ಪೋಸ್ಟರಿನ ಬೆಲೆಗೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಅದನ್ನೇ ಇಂಕ್‌ಜೆಟ್ ಕಲಾಮುದ್ರಣದ ಬೆಲೆಗೆ ಕೊಳ್ಳಬಾರದು.

ಉತ್ತರ: ಕಟ್ಟುಗಾರ

ಅಚ್ಚಿನ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕಟ್ಟು ಹಾಕುವ ಕೆಲಸದಲ್ಲಿರುವವನಾಗಿ ಆ ಭಾಗದ ಬಗ್ಗೆ ಹೇಳುತ್ತೇನೆ. ಅಚ್ಚನ್ನು ಬೇರೆಯಾಗಿ ಕೊಂಡು, ಕಣ್ಣೆದುರಿಗೆ ಕಟ್ಟು ಹಾಕಿಸುವುದೇ ಮೇಲು ಎಂಬುದು ನನ್ನ ಸಲಹೆ. ಸಿದ್ಧವಾಗಿ ಬರುವ ಚೌಕಟ್ಟಿನ ಬೆನ್ನನ್ನು ಮುಚ್ಚಿಬಿಟ್ಟಿರುತ್ತಾರಾದ್ದರಿಂದ ಒಳಗೆ ಏನು ಹಾಕಿದ್ದಾರೆಂಬುದು ತಿಳಿಯುವುದಿಲ್ಲ, ಕಾಗದವನ್ನು ಹಾಳುಮಾಡುವ ವಸ್ತುಗಳೆಲ್ಲ ಇರುವುದು ಅಲ್ಲೇ.

ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿ ಇಡುವ ಮೌಂಟ್ ಬೋರ್ಡ್ ಅಗ್ಗದ ಮರದ ತಿರುಳಿನದಾಗಿದ್ದರೆ ಅದರಲ್ಲಿರುವ ಆಮ್ಲ ವರ್ಷಗಳು ಕಳೆದಂತೆ ಅಚ್ಚಿನ ಕಾಗದಕ್ಕೆ ಇಳಿಯುತ್ತದೆ. ಹಳೆಯ ಕಟ್ಟುಗಳನ್ನು ಬಿಚ್ಚಿದಾಗ ಕಿಟಕಿಯ ಅಂಚಿನ ಗುಂಟ ಕಂದು ಗೆರೆಯೊಂದು ಕಾಗದದಲ್ಲಿ ಸುಟ್ಟಂತೆ ಕೂತಿರುವುದನ್ನು ಕಾಣುತ್ತೇವೆ. ಅದನ್ನು ಮನೆಯಲ್ಲಿ ಒರೆಸಿ ತೆಗೆಯಲಾಗದು. ಬೆನ್ನಿಗೆ ಇಡುವ ಕಂದು ಹಾರ್ಡ್‌ಬೋರ್ಡಿನಿಂದಲೂ ಇದೇ ತೊಂದರೆ. ಆಮ್ಲರಹಿತ ಮೌಂಟ್ ಬೋರ್ಡ್ ಮತ್ತು ಆಮ್ಲರಹಿತ ಹಿಂಬದಿ ಹಲಗೆಯನ್ನೇ ಕೇಳಿ, ಒಟ್ಟು ಖರ್ಚಿನಲ್ಲಿ ಅದರ ಪಾಲು ದೊಡ್ಡದಲ್ಲ. ಅಚ್ಚನ್ನು ಪೂರ್ತಿಯಾಗಿ ಅಂಟು ಹಾಕಿ ಕೂರಿಸಬಾರದು. ಮೇಲ್ತುದಿಯಲ್ಲಿ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಟ್ಟರೆ, ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವ ಕಾಗದಕ್ಕೆ ಅವಕಾಶ ಸಿಗುತ್ತದೆ. ನಾಲ್ಕು ಕಡೆಯೂ ಟೇಪು ಬಿಗಿದ ಕಾಗದ ಅಲೆ ಅಲೆಯಾಗಿ ಏಳುತ್ತದೆ. ತೆಳು ಪೋಸ್ಟರ್ ಆದರೆ ಪೂರ್ತಿ ಅಂಟಿಸಿದರೂ ನಡೆಯುತ್ತದೆ, ಅದು ಸಪಾಟಾಗಿ ನಿಲ್ಲುವುದೇ ಹೆಚ್ಚು ಮುಖ್ಯ.

ಗಾಜು ಅಚ್ಚಿಗೆ ತಾಗಬಾರದು. ತಾಗಿದರೆ ಒಳಗೆ ಕಟ್ಟಿದ ತೇವದಿಂದ ಶಾಯಿ ಗಾಜಿಗೆ ಅಂಟಿಕೊಳ್ಳುತ್ತದೆ. ಮೌಂಟ್ ಬೋರ್ಡಿನ ದಪ್ಪವೇ ಆ ಅಂತರವನ್ನು ಕೊಡುತ್ತದೆ. ‘ನೈಟ್‌ಹಾಕ್ಸ್’ನಂಥ ಕತ್ತಲೆಯ ಚಿತ್ರಕ್ಕೆ ಸಾಧಾರಣ ಗಾಜು ಹಾಕಿದರೆ ಕಿಟಕಿ, ದೀಪ, ನೋಡುವವರ ಮುಖ ಎಲ್ಲವೂ ಅದರಲ್ಲಿ ಪ್ರತಿಫಲಿಸುತ್ತವೆ. ಬೆಳಕಿನ ಬಣ್ಣಗಳ ಚಿತ್ರದಲ್ಲಿ ಇದು ಇಷ್ಟೊಂದು ಕಾಡುವುದಿಲ್ಲ, ರಾತ್ರಿಯ ನಗರದ ಚಿತ್ರಗಳಲ್ಲಿ ಮಾತ್ರ ಇಡೀ ಚಿತ್ರವನ್ನೇ ನುಂಗಿಬಿಡುತ್ತದೆ. ಆದ್ದರಿಂದ ಹಣ ಹಾಕಬೇಕಾದದ್ದು ಚೌಕಟ್ಟಿನ ಕೆತ್ತನೆಗಲ್ಲ, ಪ್ರತಿಫಲನ ತಡೆಯುವ ಮತ್ತು ಅತಿನೇರಳೆ ಕಿರಣಗಳನ್ನು ಸೋಸುವ ಗಾಜಿಗೆ. ಅಳತೆ ದೊಡ್ಡದಾದರೆ ಅಕ್ರಿಲಿಕ್ ಹಾಳೆ ಹಗುರ, ಸಾಗಣೆಯಲ್ಲಿ ಒಡೆಯುವುದಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ಸ್ಥಾಯೀ ವಿದ್ಯುತ್ತಿನಿಂದ ಧೂಳನ್ನೂ ಎಳೆದುಕೊಳ್ಳುತ್ತದೆ. ಅದನ್ನು ಅಮೋನಿಯಾ ಇರುವ ದ್ರಾವಣದಿಂದ ಒರೆಸಬಾರದು.

ಮೋಂಡ್ರಿಯನ್ ಅವರ ಚಿತ್ರಕ್ಕೆ ಕಟ್ಟು ಹಾಕಿಸುವುದೇ ಒಂದು ಪ್ರತ್ಯೇಕ ವಿಷಯ. ಚೌಕಟ್ಟು ಚಿತ್ರವನ್ನು ಆಳದ ಕಿಟಕಿಯಂತೆ ತೋರಿಸಬಾರದು ಎಂದು ಭಾವಿಸಿದ ಅವರು ಕ್ಯಾನ್ವಾಸನ್ನು ಚೌಕಟ್ಟಿನ ಒಳಗಿಡದೆ, ಹಿಂದಕ್ಕೆ ಸರಿದ ಸರಳ ಪಟ್ಟಿಗಳ ಮೇಲೆ ಮುಂದಕ್ಕೆ ತಂದು ನಿಲ್ಲಿಸುತ್ತಿದ್ದರು. ಹಾಗಾಗಿ ಆ ಚಿತ್ರಕ್ಕೆ ಬಂಗಾರದ ಬಣ್ಣದ ಕೆತ್ತನೆ ಚೌಕಟ್ಟು ಹಾಕುವುದೆಂದರೆ ಅವರು ಬೇಡವೆಂದದ್ದನ್ನೇ ಮರಳಿ ತಂದಂತೆ. ಅಷ್ಟೇ ಅಲ್ಲ, ಮೌಂಟಿನ ಕಿಟಕಿ ಪ್ರತಿ ಬದಿಯಲ್ಲೂ ಚಿತ್ರದ 3ರಿಂದ 5 ಮಿ.ಮೀ. ಮುಚ್ಚುತ್ತದೆ, ‘ಬ್ರಾಡ್‌ವೇ ಬೂಗಿ ವೂಗಿ’ಯ ಹಳದಿ ಪಟ್ಟಿಗಳೂ ಅವುಗಳ ಮೇಲಿನ ಕೆಂಪು, ನೀಲಿ, ಬೂದು ತುಣುಕುಗಳೂ ಅಂಚಿನವರೆಗೆ ಓಡುತ್ತವಾದ್ದರಿಂದ ಆ ಕೆಲವು ಮಿಲಿಮೀಟರುಗಳೂ ಲೆಕ್ಕಕ್ಕೆ ಬರುತ್ತವೆ. ಸುತ್ತಲೂ ಬಿಳಿ ಅಂಚು ಬಿಟ್ಟು ಅಚ್ಚು ಮಾಡಿಸಿ, ಕಿಟಕಿಯನ್ನು ಚಿತ್ರಕ್ಕಿಂತ ಒಂದು ಬೆರಳಗಲ ದೊಡ್ಡದಾಗಿ ಕತ್ತರಿಸಲು ಹೇಳಿ. ಮೇಲೆ ತೆಳುವಾದ ಬಿಳಿ ಮರದ ಪಟ್ಟಿ ಸಾಕು. ಕಲಾವಿದರು ಚೌಕಟ್ಟನ್ನೂ ಚಿತ್ರದ ಭಾಗವಾಗಿಸಿಕೊಂಡ ಉದಾಹರಣೆಯೂ ಇದೆ: ರಾಬರ್ಟ್ ಡೆಲೋನೆ ಅವರು 1912ರಲ್ಲಿ ಪ್ಯಾರಿಸನ್ನು ಕಿಟಕಿಯಿಂದ ಕಂಡಂತೆ ಬರೆದ, ಹ್ಯಾಂಬರ್ಗ್‌ನ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಬಣ್ಣ ಕ್ಯಾನ್ವಾಸನ್ನು ದಾಟಿ ಮರದ ಚೌಕಟ್ಟಿನ ಮೇಲೂ ಹರಿದಿದೆ. ಅದರ ಪ್ರತಿ ಮಾರುವವರು ಬಹಳಷ್ಟು ಸಲ ಆ ಅಂಚನ್ನು ಕತ್ತರಿಸಿಯೇ ಅಚ್ಚು ಮಾಡಿರುತ್ತಾರೆ.

ತೂಗುಹಾಕುವಾಗ ಬಿಸಿಲು ನೇರವಾಗಿ ಬೀಳುವ ಗೋಡೆಯನ್ನೂ ತೇವ ಹಿಡಿಯುವ ಗೋಡೆಯನ್ನೂ ಬಿಡಿ. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಸಣ್ಣ ರಬ್ಬರ್ ಗುಂಡಿಗಳನ್ನು ಅಂಟಿಸಿದರೆ ಹಿಂದೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ಮರುಪ್ರಶ್ನೆ: ಬಿಳಿಗೋಡೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬೊಚ್ಚೋನಿ ಅವರ ಚಿತ್ರವನ್ನು ಕೈಬಿಟ್ಟು ನಡುಕೋಣೆಗೆ ‘ನೈಟ್‌ಹಾಕ್ಸ್’ ಅನ್ನು ಪೂರ್ಣ ಪ್ರಮಾಣದಲ್ಲಿ ಕಾಗದದ ಮೇಲೆ ಮಾಡಿಸುವುದೆಂದು ನಿಶ್ಚಯಿಸಿದೆ. ಇನ್ನೆರಡು ವಿಷಯ ಉಳಿದಿವೆ. ಸೀಮಿತ ಆವೃತ್ತಿಯ ಪ್ರಮಾಣಪತ್ರಕ್ಕೆ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿದೆಯೇ? ಓದುವ ಕೋಣೆಯ ಗೋಡೆ ಕಿರಿದಾಗಿದ್ದು, ಅಲ್ಲಿ ಮೋಂಡ್ರಿಯನ್ ಅವರ ಚಿತ್ರವನ್ನು 40 ಸೆಂ.ಮೀ.ಗೆ ಇಳಿಸಬೇಕಾಗುತ್ತದೆ. ಅದು ಸರಿಯಾದೀತೇ?

ಉತ್ತರ: ಸಂಗ್ರಾಹಕ

ಪ್ರಮಾಣಪತ್ರದ ಬಗ್ಗೆ ನಾನು ಹೇಳುತ್ತೇನೆ. ಕಲಾವಿದರು ಬದುಕಿರುವಾಗ ತಾವೇ ಅಚ್ಚು ಹಾಕಿ, ಅಥವಾ ತಮ್ಮ ಮೇಲ್ವಿಚಾರಣೆಯಲ್ಲಿ ಹಾಕಿಸಿ, ಪೆನ್ಸಿಲ್ಲಿನಿಂದ ಸಹಿ ಮಾಡಿ ಸಂಖ್ಯೆ ಹಾಕಿದ ಪ್ರತಿಗಳಿಗೆ ‘ಆವೃತ್ತಿ’ ಎಂಬ ಮಾತು ಸಲ್ಲುತ್ತದೆ. ಹಾಪರ್ ತೀರಿಕೊಂಡದ್ದು 1967ರಲ್ಲಿ, ಮೋಂಡ್ರಿಯನ್ 1944ರಲ್ಲಿ. ಇಂದು ಯಂತ್ರದಿಂದ ಹೊರಬರುವ ಪ್ರತಿಗೆ ಅವರ ಸಹಿ ಇರಲು ಸಾಧ್ಯವಿಲ್ಲ. ಕಾಣುವ ಸಹಿ ಮೂಲಚಿತ್ರದ ಮೇಲಿದ್ದದ್ದೇ ಅಚ್ಚಿನಲ್ಲಿ ಬಂದಿರುವುದು. ಇಷ್ಟೇ ಪ್ರತಿ ಮಾಡುತ್ತೇವೆ ಎಂಬುದು ಮಾರಾಟಗಾರರ ಮಾತು ಮಾತ್ರ, ಅದೇ ಚಿತ್ರವನ್ನು ಬೇರೆ ಅಳತೆಯಲ್ಲಿ ಅವರೇ ಇನ್ನೊಮ್ಮೆ ಮಾಡುವುದನ್ನು ಆ ಪತ್ರ ತಡೆಯುವುದಿಲ್ಲ. ‘ಮ್ಯೂಸಿಯಂ ಗುಣಮಟ್ಟ’ಕ್ಕೂ ಎಲ್ಲರೂ ಒಪ್ಪಿದ ಮಾನದಂಡವೆಂಬುದಿಲ್ಲ. ಆ ಪತ್ರಕ್ಕೆ ಕೊಡುವ ಹಣವನ್ನು ಮೇಲಿನವರು ಹೇಳಿದ ಗಾಜಿಗೆ ಕೊಡಿ. ಇದಕ್ಕೆ ಅಪವಾದವೊಂದಿದೆ: ಇಂಗ್ಲೆಂಡಿನ ಕೈಗಾರಿಕಾ ನಗರಗಳನ್ನು ಬರೆದ ಎಲ್. ಎಸ್. ಲೌರಿ (ನಿಧನ 1976) ತಮ್ಮ ಚಿತ್ರಗಳ ಮುದ್ರಿತ ಪ್ರತಿಗಳಿಗೆ ಬದುಕಿದ್ದಾಗಲೇ ಪೆನ್ಸಿಲ್ ಸಹಿ ಹಾಕಿದ್ದುಂಟು. ಅವುಗಳ ಮಾರುಕಟ್ಟೆಯೇ ಬೇರೆ, ನಕಲಿ ಸಹಿಯ ಅಪಾಯವೂ ಅಲ್ಲಿದೆ. ಗೋಡೆಗೆ ಚಿತ್ರ ಬೇಕೆನ್ನುವವರು ಆ ದಾರಿ ಹಿಡಿಯಬೇಕಾಗಿಲ್ಲ.

ಹಕ್ಕುಸ್ವಾಮ್ಯವನ್ನು ಮಾತ್ರ ಗಮನಿಸಿ. ಬರ್ನ್ ಒಪ್ಪಂದದ (ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ ಅದರ ಕನಿಷ್ಠ ಅವಧಿ ಕಲಾವಿದರ ಜೀವಿತಾವಧಿ ಮತ್ತು ಆ ಮೇಲಿನ 50 ವರ್ಷ, ಐರೋಪ್ಯ ಒಕ್ಕೂಟದಲ್ಲಿ ಅದು 70 ವರ್ಷ. 1916ರಲ್ಲಿ ತೀರಿಕೊಂಡ ಬೊಚ್ಚೋನಿ, 1938ರಲ್ಲಿ ತೀರಿಕೊಂಡ ಬರ್ಲಿನ್ ಬೀದಿಗಳ ಚಿತ್ರಕಾರ ಕಿರ್ಶ್ನರ್ ಮುಂತಾದವರ ವಿಷಯದಲ್ಲಿ ಈ ಅವಧಿ ಎಂದೋ ಮುಗಿದಿದೆ. ಹಾಪರ್ ಮತ್ತು 1986ರಲ್ಲಿ ತೀರಿಕೊಂಡ ಓಕೀಫ್ ಅವರ ವಿಷಯದಲ್ಲಿ 70 ವರ್ಷ ತುಂಬಿಲ್ಲ. ಅಂಥ ಚಿತ್ರಗಳ ಪ್ರತಿಯಲ್ಲಿ ಅನುಮತಿಯ ಸಾಲೊಂದು ಅಚ್ಚಾಗಿದೆಯೇ ಎಂದು ನೋಡಿ. ಅನುಮತಿ ಪಡೆದವರಿಗೆ ಒಳ್ಳೆಯ ಕಡತ ಸಿಕ್ಕಿರುವ ಸಂಭವವೂ ಹೆಚ್ಚು.

ಉತ್ತರ: ಬಣ್ಣದಚ್ಚು

ಮೋಂಡ್ರಿಯನ್ ಅವರ ಚಿತ್ರವನ್ನು 40 ಸೆಂ.ಮೀ.ಗೆ ಇಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪಟ್ಟಿಗಳ ಮೇಲಿನ ಸಣ್ಣ ಚೌಕಗಳು ಅಷ್ಟು ಕಿರಿದಾದಾಗ ಕಣ್ಣಿಗೆ ಮಿಡಿಯುವ ಬದಲು ಬರಿಯ ಚುಕ್ಕೆಗಳಾಗುತ್ತವೆ; ಆ ಚಿತ್ರದ ಲಯವೆಲ್ಲ ಇರುವುದು ಅವುಗಳಲ್ಲೇ. ಚಿಕ್ಕ ಗೋಡೆಗೆ ಮೊದಲಿನಿಂದಲೇ ಚಿಕ್ಕದಾಗಿರುವ ಕೃತಿಯನ್ನು ಆರಿಸಿ, ಮೂಲದ ಅಳತೆಯಲ್ಲೇ ಅಚ್ಚು ಮಾಡಿಸಿ.

ನೀವು ಹಾಪರ್ ಅವರನ್ನು ಮೆಚ್ಚಿರುವುದರಿಂದ ಅವರದೇ ‘ನೈಟ್ ಶ್ಯಾಡೋಸ್’ (1921) ಎಂಬ ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಕಪ್ಪು ಶಾಯಿಯಲ್ಲಿ ತೆಗೆದ ಅಚ್ಚು) ನೋಡಿ. ಮೂಲವೇ ಸುಮಾರು 18 × 21 ಸೆಂ.ಮೀ.ನದು. ಎತ್ತರದ ಮಹಡಿಯಿಂದ ಕೆಳಗೆ ನೋಡಿದಂತೆ ರಾತ್ರಿಯ ಬೀದಿಮೂಲೆ, ಒಬ್ಬನೇ ನಡೆದುಹೋಗುತ್ತಿರುವ ವ್ಯಕ್ತಿ, ಅವನ ದಾರಿಗೆ ಅಡ್ಡಲಾಗಿ ಬಿದ್ದ ಕಂಬದ ಉದ್ದನೆಯ ನೆರಳು. ಇಲ್ಲಿ ಕುಗ್ಗಿಸುವ ಮಾತಿಲ್ಲ, ಮೂಲವೂ ಕಾಗದವೇ ಆದ್ದರಿಂದ ಕ್ಯಾನ್ವಾಸಿನ ಗೊಂದಲವಿಲ್ಲ, ಬಣ್ಣ ತಪ್ಪುವ ಭಯವೂ ಇಲ್ಲ. ನೋಡಬೇಕಾದದ್ದು ಒಂದೇ: ಅಡ್ಡಗೆರೆಗಳು ಒತ್ತೊತ್ತಾಗಿ ಹೆಣೆದಿರುವ ಕಡುನೆರಳಿನಲ್ಲಿ ಗೆರೆಗಳು ಬಿಡಿಬಿಡಿಯಾಗಿ ಕಾಣಬೇಕು, ಕಪ್ಪು ಮುದ್ದೆಯಾಗಬಾರದು. ಇದಕ್ಕೆ ಇಂಚಿಗೆ 300 ಪಿಕ್ಸೆಲ್‌ಗಿಂತ ಕಡಿಮೆ ಒಪ್ಪಬೇಡಿ, 21 ಸೆಂ.ಮೀ. ಅಗಲಕ್ಕೆ ಸುಮಾರು 2,500 ಪಿಕ್ಸೆಲ್ ಆಯಿತು. ಕಾಗದ ಅಚ್ಚ ಬಿಳುಪಿನದು ಬೇಡ, ತುಸು ಕೆನೆಬಣ್ಣದ್ದಿರಲಿ.

ಉತ್ತರ: ಕಟ್ಟುಗಾರ

ಹಾಗೆ ಮಾಡಿಸುವುದಾದರೆ ಮೌಂಟ್ ಅನ್ನು ಅಗಲವಾಗಿಯೇ ಇಡಿಸಿ: ಮೂರು ಬದಿಗೆ 8 ಸೆಂ.ಮೀ., ಕೆಳಗೆ 9 ಸೆಂ.ಮೀ. ಇದ್ದರೆ ಅಷ್ಟು ಚಿಕ್ಕ ಚಿತ್ರಕ್ಕೂ ಗೋಡೆಯ ಮೇಲೆ ತಕ್ಕ ಜಾಗ ಸಿಗುತ್ತದೆ. ಚೌಕಟ್ಟು ತೆಳುವಾದ ಕಪ್ಪು ಮರದ್ದಿರಲಿ. ಓದುವ ಕೋಣೆಯಲ್ಲಿ ಕುಳಿತೇ ನೋಡುವುದರಿಂದ, ನಿಂತು ನೋಡುವ ಚಿತ್ರಕ್ಕಿಂತ ತುಸು ಕೆಳಗೆ, ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ನೇರವಾಗಿ ಮೊಳೆ ಹೊಡೆಸಿ.